ವೈದ್ಯನಿಗೂ ನಿದ್ರೆ ಬೇಡವೇ?

ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹಗಲಿರುಳೆಂಬ ಭೇದವಿಲ್ಲ. ಅಲ್ಲಿ ತರಬೇತಿ ಪಡೆಯುವ ತರುಣ ವೈದ್ಯರ ದೇಹಕ್ಕಾದರೋ ಆ ಭೇದ ತಪ್ಪಿದ್ದಲ್ಲ.

1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದಕ್ಕೆ ಜ್ವರದಿಂದ ಬಂದ 18 ವರ್ಷದ ತರುಣಿ ಮರುದಿನ ಬೆಳಗ್ಗೆ ತೀರಿಕೊಂಡಳು. ಆ ರಾತ್ರಿ ಆಕೆಯನ್ನು ನೋಡಿಕೊಂಡವರು, ದೀರ್ಘ ಪಾಳಿಯಲ್ಲಿದ್ದ ತರಬೇತಿಯ ವೈದ್ಯರು. ಪತ್ರಕರ್ತನಾಗಿದ್ದ ಆಕೆಯ ತಂದೆ ಸುಮ್ಮನಿರಲಿಲ್ಲ. ಅವರ ಹೋರಾಟದ ಫಲವಾಗಿ 1989ರಲ್ಲಿ ಆ ರಾಜ್ಯವು ಇಂಥ ವೈದ್ಯರ ದುಡಿಮೆಯನ್ನು ವಾರಕ್ಕೆ 80 ಗಂಟೆಗೆ ಮಿತಿಗೊಳಿಸಿತು. ಹಿರಿಯರ ಮೇಲ್ವಿಚಾರಣೆಯನ್ನೂ ಬಿಗಿಗೊಳಿಸಿತು. 2003ರಲ್ಲಿ ಈ ಗಂಟೆಗಳ ಮಿತಿ ಅಮೆರಿಕೆಗೆಲ್ಲ ಅನ್ವಯಿಸಿತು. ಅಲ್ಲಿನ ತುರ್ತು ಚಿಕಿತ್ಸೆಯ ತರಬೇತಿಯಲ್ಲಂತೂ ನಿಗದಿತ ಪಾಳಿಯು 12 ಗಂಟೆಯನ್ನು ಮೀರುವಂತಿಲ್ಲ; ದುಡಿದಷ್ಟೇ ಹೊತ್ತು ಬಿಡುವೂ ದೊರೆಯಬೇಕು.

ದಣಿದ ಕೈಯಲ್ಲಿ ಮದ್ದಿನ ಅಳತೆ ತಪ್ಪಬಹುದು. ಆದುದರಿಂದ ವೈದ್ಯನ ನಿದ್ರೆಯನ್ನೂ ರೋಗಿಯ ಚಿಕಿತ್ಸೆಯ ಒಂದು ಅಂಗವೆಂದೇ ಎಣಿಸತಕ್ಕದ್ದು.