ಕನ್ನಡದ ನವ್ಯಕಾವ್ಯವೂ ಅದರ ಆಂಗ್ಲಾನುವಾದವೂ

ನಮ್ಮ ಶಾಲೆಯಲ್ಲಿ ಕಲಿತು ದೂರದ ಊರುಗಳಲ್ಲಿಯೂ ಸಮುದ್ರದಾಚೆಯ ದೇಶಗಳಲ್ಲಿಯೂ ನೆಲೆಸಿರುವ ಸೋದರಿಯರು ಉಂಟು. ಅವರ ಮಕ್ಕಳಿಗೆ ಕನ್ನಡ ಕವಿಗಳ ಪರಿಚಯವು ಆಂಗ್ಲಭಾಷೆಯ ಮೂಲಕವೇ ಆಗುತ್ತಲಿದೆ. ಆದುದರಿಂದ ಕವಿತೆಯು ಭಾಷೆಯಿಂದ ಭಾಷೆಗೆ ದಾಟುವಾಗ ಏನು ಉಳಿಯುವದು, ಏನು ಅಳಿಯುವದು ಎಂಬುದನ್ನು ಅರಿಯುವದು ಅವಶ್ಯ.

ನಮ್ಮ ಹೊಸಗನ್ನಡ ಕಾವ್ಯವೇ ಅನುವಾದದಿಂದ ಬಲಗೊಂಡಿತು. ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪ್ರಕಟವಾಗಿ ತರುಣ ಕವಿಗಳಿಗೆ ದಾರಿ ತೋರಿತು. ಬಳಿಕ, ಲಕ್ಷ್ಮೇಶ್ವರಕ್ಕೆ ಸಮೀಪದ ಸವಣೂರಿನಲ್ಲಿ 1909ರಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರು 1950ರ ಸುಮಾರಿಗೆ ‘ನವ್ಯ’ ಕಾವ್ಯವನ್ನು ಸಾರಿದರು. ಗೋಪಾಲಕೃಷ್ಣ ಅಡಿಗರ ‘ಚಂಡೆಮದ್ದಳೆ’ (1954), ‘ಭೂಮಿಗೀತ’ (1959) ಅದನ್ನು ಬೆಳೆಸಿದವು. ಗದಗ ತಾಲೂಕಿನ ಹೊಂಬಳದಲ್ಲಿ 1928ರಲ್ಲಿ ಹುಟ್ಟಿದ ಚೆನ್ನವೀರ ಕಣವಿಯವರು ಹಳೆಯದನ್ನೂ ಹೊಸದನ್ನೂ ಹೊಂದಿಸಿ ಬರೆದರು. ಆಡುಮಾತಿನ ಲಯದಲ್ಲಿ ಈ ಕಾಲದ ಮನಸ್ಸಿನ ತಳಮಳವನ್ನು ಹೇಳುವದು ನವ್ಯದ ಲಕ್ಷಣ. ಇಂಥ ಮಾರ್ಪಾಡು ಅನ್ಯದೇಶಗಳಲ್ಲಿಯೂ ಆಗಿತ್ತು. ಎಲಿಯಟ್ಟನ ‘ವೇಸ್ಟ್ ಲ್ಯಾಂಡ್’ ಹೊರಬಂದ 1922ರಲ್ಲಿಯೇ ಬ್ರೆಜಿಲ್ ದೇಶದ ಸಾವೊ ಪಾಲೊ ನಗರದಲ್ಲಿ ಕವಿಗಳೂ ಚಿತ್ರಕಾರರೂ ಕೂಡಿ ಆಧುನಿಕ ಕಲೆಯ ಸಪ್ತಾಹವನ್ನು ನಡೆಸಿದರು.

ಇಂಥ ಕವಿತೆಯನ್ನು ಆಂಗ್ಲಕ್ಕೆ ತರುವದು ಸುಲಭವಲ್ಲ. ‘ಬಂದಳು’ ಎಂಬ ಒಂದೇ ಶಬ್ದದಲ್ಲಿ ನಮಗೆ ಕ್ರಿಯೆಯೊಡನೆ ಲಿಂಗವೂ ವಚನವೂ ತಿಳಿಯುವವು. ಆಂಗ್ಲಕ್ಕೆ ಎರಡು ಶಬ್ದ ಬೇಕು. ನಮ್ಮ ಕ್ರಿಯಾಪದವು ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬಂದು ಕುತೂಹಲವನ್ನು ಕಾಯುವದು. ಅಲ್ಲಿ ಅದು ಮೊದಲೇ ಹೊರಬೀಳುವದು. ದೇವರಿಗೆ ‘ನೀನು’, ಹಿರಿಯರಿಗೆ ‘ನೀವು’ ಎಂಬ ಭೇದವು ಇಂದಿನ ಆಂಗ್ಲದ ಬಳಕೆಯಲ್ಲಿಲ್ಲ.

ಈ ಕಷ್ಟವನ್ನು ಜಾಣ್ಮೆಯಿಂದ ಎದುರಿಸಿದವರು ಎ. ಕೆ. ರಾಮಾನುಜನ್ (1929–1993). ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದು ಮುಂದೆ ಶಿಕಾಗೋ ವಿಶ್ವವಿದ್ಯಾಲಯವನ್ನು ಸೇರಿದ ಇವರು ಸ್ವತಃ ನವ್ಯಕವಿಗಳು. 1973ರ ‘ಸ್ಪೀಕಿಂಗ್ ಆಫ್ ಶಿವ’ ಗ್ರಂಥದಲ್ಲಿ ಗದ್ಯರೂಪದ ವಚನಗಳನ್ನು ಕಿರುಸಾಲುಗಳಾಗಿ ಒಡೆದು ಅವಕ್ಕೆ ನವ್ಯಕವಿತೆಯ ಉಡುಪನ್ನು ತೊಡಿಸಿದರು. ಇದರಿಂದ ಅಕ್ಕಮಹಾದೇವಿಯ ನುಡಿಯು ಪರದೇಶದ ಓದುಗರಿಗೂ ಮುಟ್ಟಿತು. ಆದರೆ ಮೂಲವು ಪಾಶ್ಚಾತ್ಯ ರುಚಿಗೆ ಒಗ್ಗಿಹೋಯಿತೆಂದು ತೇಜಸ್ವಿನಿ ನಿರಂಜನ ಅವರು 1992ರಲ್ಲಿ ಆಕ್ಷೇಪಿಸಿದರು. ಎರಡು ಮಾತೂ ವಿಚಾರಾರ್ಹವಾಗಿವೆ.

ಸತ್ಯವೇದವು 1831ರಲ್ಲಿ ಸಮಗ್ರವಾಗಿ ಕನ್ನಡಕ್ಕೆ ಬಂದುದರಿಂದಲೇ ನಮ್ಮ ಹಿರಿಯರು ಅದನ್ನು ಸ್ವಭಾಷೆಯಲ್ಲಿ ಓದಿದರು. ಅನುವಾದದ ಈ ಉಪಕಾರವನ್ನು ನಾವು ಮರೆಯಲಾರೆವು. ಆದರೂ ಕನ್ನಡ ಬಲ್ಲ ತಾಯಿಯಿರುವ ಮನೆಯಲ್ಲಿ ಮಕ್ಕಳು ಅನುವಾದವೊಂದನ್ನೇ ನೆಚ್ಚಬೇಕಾಗಿಲ್ಲ. ಪಾಲಕರಲ್ಲಿ ನನ್ನ ವಿಜ್ಞಾಪನೆಯಿಷ್ಟೇ: ಆಂಗ್ಲ ಪುಸ್ತಕವನ್ನು ಅವಶ್ಯವಾಗಿ ಕೊಡಿರಿ, ಅದರ ಬದಿಯಲ್ಲಿ ಮೂಲವನ್ನಿಟ್ಟು ನೀವೇ ಗಟ್ಟಿಯಾಗಿ ಓದಿ ಕೇಳಿಸಿರಿ. ಕಿವಿಗೆ ಬಿದ್ದ ಕನ್ನಡವು ಮುಂದೆ ಅವರನ್ನು ಅಕ್ಷರದ ಕಡೆಗೆ ಕರೆತರುವದು.