ಧ್ವಜದಹನ: ವಾಕ್ಕೋ ಕ್ರಿಯೆಯೋ?

ರಾಷ್ಟ್ರಧ್ವಜವನ್ನು ಸುಡುವುದು ‘ಮಾತು’ ಆಗಬಲ್ಲುದೇ ಎಂಬುದು ಕಾನೂನಿನ ಪ್ರಶ್ನೆಯಾಗಿರುವಂತೆ ಅರ್ಥಮೀಮಾಂಸೆಯ ಪ್ರಶ್ನೆಯೂ ಆಗಿದೆ. ಅಮೆರಿಕದ ಸಂವಿಧಾನದ ಮೊದಲನೆಯ ತಿದ್ದುಪಡಿಯು ವಾಕ್ ಸ್ವಾತಂತ್ರ್ಯವನ್ನು ಹೇಳುತ್ತದೆ. ‘ಅಭಿವ್ಯಕ್ತಿ’ ಎಂಬ ಪದ ಅಲ್ಲಿಲ್ಲ. ಆದರೂ, 1984ರಲ್ಲಿ ಡಲ್ಲಾಸ್ ನಗರದ ರಾಜಕೀಯ ಪ್ರತಿಭಟನೆಯೊಂದರಲ್ಲಿ ಧ್ವಜವನ್ನು ಸುಟ್ಟ ಗ್ರೆಗರಿ ಲೀ ಜಾನ್ಸನ್‌ನನ್ನು ಅದಕ್ಕಾಗಿ ದಂಡಿಸುವುದು ಸಂವಿಧಾನಬಾಹಿರವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ 5-4ರ ಬಹುಮತದಿಂದ ತೀರ್ಪಿತ್ತಿತು. ಸಂದೇಶವೊಂದನ್ನು ತಿಳಿಸುವ ಉದ್ದೇಶವಿದ್ದು, ನೋಡುವವರು ಅದನ್ನು ಗ್ರಹಿಸುವಂತಿದ್ದರೆ ಕ್ರಿಯೆಯೂ ವಾಕ್ಕೇ ಎಂಬುದು ಅಲ್ಲಿನ ನಿಲುವು. ವಾಚಿಕದೊಡನೆ ಆಂಗಿಕವನ್ನೂ ಅಭಿನಯವೆಂದು ಎಣಿಸಿದ ನಾಟ್ಯಶಾಸ್ತ್ರವನ್ನು ಬಲ್ಲವರಿಗೆ ಇದು ಹೊಸತೆನಿಸಲಾರದು.

ನಮ್ಮ ಸಂವಿಧಾನದ 19(1)(ಎ) ವಿಧಿಯಲ್ಲಿ ವಾಕ್ಕು, ಅಭಿವ್ಯಕ್ತಿ ಎರಡೂ ಇವೆ. 2004ರಲ್ಲಿ ನವೀನ್ ಜಿಂದಾಲ್ ಪ್ರಕರಣದಲ್ಲಿ, ಗೌರವಪೂರ್ವಕವಾಗಿ ಧ್ವಜ ಹಾರಿಸುವುದು ಈ ವಿಧಿಯಡಿಯ ಹಕ್ಕೆಂದು ನಮ್ಮ ಸುಪ್ರೀಂ ಕೋರ್ಟು ಹೇಳಿತು. ಹಾರಿಸುವುದು ಅಭಿವ್ಯಕ್ತಿಯಾದರೆ ಸುಡುವುದು ಏಕಲ್ಲ? 1971ರ ರಾಷ್ಟ್ರಗೌರವ ಕುರಿತ ಅಧಿನಿಯಮವು ಸಾರ್ವಜನಿಕವಾಗಿ ಧ್ವಜ ಸುಡುವವರಿಗೆ ಮೂರು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸುತ್ತದೆ. ಕಾನೂನುಬದ್ಧ ಮಾರ್ಗದಲ್ಲಿ ಬದಲಾವಣೆ ಬಯಸಿ ಮಾಡುವ ಟೀಕೆಯನ್ನು ಮಾತ್ರ ಅಪರಾಧದಿಂದ ಹೊರಗಿಡುತ್ತದೆ. ಇದು 19(2)ರ ಅರ್ಥದಲ್ಲಿ ನ್ಯಾಯೋಚಿತ ನಿರ್ಬಂಧವೇ ಎಂದು ಚರ್ಚಿಸಬಹುದು. ಆದರೆ ದಹನವು ಬರಿಯ ಕ್ರಿಯೆ, ಅಭಿವ್ಯಕ್ತಿಯಲ್ಲ ಎಂಬ ವಾದ ನಿಲ್ಲದು. ಏಕೆಂದರೆ 2002ರ ಧ್ವಜಸಂಹಿತೆಯೇ ಹರಿದುಹೋದ ಧ್ವಜವನ್ನು ಏಕಾಂತದಲ್ಲಿ, ಮೇಲಾಗಿ ಸುಡುವ ಮೂಲಕವೇ, ವಿಲೇವಾರಿ ಮಾಡಬೇಕೆನ್ನುತ್ತದೆ. ಬೆಂಕಿ ಎರಡೆಡೆಯೂ ಒಂದೇ. ದಂಡನೆಗೆ ಗುರಿಯಾಗುವುದು ಅದು ಸಾರ್ವಜನಿಕರೆದುರು ಸೂಚಿಸುವ ಅರ್ಥ.