ಓಡಲಾರದ ಸಿಂಪಿಯ ಒಳಬಲ

ಇಳಿತದಲ್ಲಿ ಸಮುದ್ರ ಹಿಂದೆ ಸರಿದಾಗ ಮೀನು ನೀರಿನ ಜೊತೆಗೇ ಹೋಗುತ್ತದೆ, ಏಡಿ ಬಿಲ ಸೇರುತ್ತದೆ. ಬಂಡೆಗೆ ಅಂಟಿ ಬೆಳೆದ ಸಿಂಪಿಗೆ ಆ ಭಾಗ್ಯವಿಲ್ಲ. ಚಿಪ್ಪುಗಳನ್ನು ಬಿಗಿಯಾಗಿ ಮುಚ್ಚಿಕೊಂಡು, ಒಳಗುಳಿದ ಚೂರು ನೀರಲ್ಲೇ ಬಿಸಿಲು ಕಳೆಯಬೇಕು. ಆಮ್ಲಜನಕ ಮುಗಿದರೆ ಅದಿಲ್ಲದೆಯೇ ಜೀವ ಹಿಡಿಯುತ್ತದೆ. ಆಗ ಮೈಯಲ್ಲಿ ಹೆಚ್ಚುವ ಆಮ್ಲವನ್ನು ತಗ್ಗಿಸಲು ತನ್ನ ಚಿಪ್ಪಿನ ಸುಣ್ಣವನ್ನೇ ಕರಗಿಸಿಕೊಳ್ಳುತ್ತದೆ!

ಪೆಸಿಫಿಕ್ ಸಿಂಪಿ ಇಳಿತದ ಹೊತ್ತಿನಲ್ಲಿ 49 ಡಿಗ್ರಿ ಸೆಲ್ಸಿಯಸ್ ತಾಪವನ್ನೂ ತಾಳಬಲ್ಲದು. ಹೇಗೆ ಎಂಬುದರ ಸುಳಿವು ಸಿಕ್ಕಿದ್ದು 2012ರಲ್ಲಿ. ಚೀನಾದ ಚಿಂಗ್ಡಾವ್ ನಗರದ ಸಮುದ್ರವಿಜ್ಞಾನ ಸಂಸ್ಥೆಯ ಗುವೊಫಾನ್ ಜಾಂಗ್ ಮತ್ತು ಸಂಗಡಿಗರು ಆ ವರ್ಷ ‘ನೇಚರ್’ ಪತ್ರಿಕೆಯಲ್ಲಿ ಇದರ ಜೀನೋಮ್ ಪ್ರಕಟಿಸಿದರು. ಸುಮಾರು 28,000 ಜೀನ್‌ಗಳಲ್ಲಿ ಒಂದು ಕುಟುಂಬ ಎದ್ದು ಕಂಡಿತು: ಹೀಟ್ ಶಾಕ್ ಪ್ರೋಟೀನ್ 70. ಮನುಷ್ಯನಲ್ಲಿ ಇದರ ಜೀನ್‌ಗಳು 17, ಸಿಂಪಿಯಲ್ಲಿ 88.

ಕಾದ ಬಾಣಲೆಗೆ ಬಿದ್ದ ಮೊಟ್ಟೆಯ ಲೋಳೆಯಂತೆ, ತಾಪ ಏರಿದಾಗ ಜೀವಕೋಶದ ಪ್ರೋಟೀನ್‌ಗಳೂ ಆಕಾರಗೆಟ್ಟು ಮುದ್ದೆಯಾಗುತ್ತವೆ. ಹೀಟ್ ಶಾಕ್ ಪ್ರೋಟೀನ್‌ಗಳು ಅವನ್ನು ಹಿಡಿದು ಮತ್ತೆ ಸರಿಯಾಗಿ ಮಡಚುತ್ತವೆ. ಕೆಟ್ಟ ಕೋಶ ತನ್ನನ್ನು ತಾನೇ ಕೊಂದುಕೊಳ್ಳುವುದನ್ನು ತಡೆಯುವ ಇನ್ನೊಂದು ಜೀನ್ ಕುಟುಂಬವಿದೆ. ನಮ್ಮಲ್ಲಿ ಅದರ ಸದಸ್ಯರು 8, ಸಿಂಪಿಯಲ್ಲಿ 48. ಅಮೆರಿಕದ ಅಟ್ಲಾಂಟಿಕ್ ತೀರದ ಗಟ್ಟಿಚಿಪ್ಪಿನ ಕ್ಲ್ಯಾಮ್‌ನಲ್ಲಿ 159!

ಇಷ್ಟೊಂದು ಜೀನ್‌ಗಳು ಬಂದದ್ದು ಹೇಗೆ? ಡಿಎನ್‌ಎ ನಕಲಾಗುವಾಗ ಕೆಲವೊಮ್ಮೆ ಒಂದು ಜೀನ್ ಎರಡಾಗಿಬಿಡುತ್ತದೆ. ಒಂದು ಹಳೆಯ ಕೆಲಸ ನೋಡಿಕೊಂಡರೆ, ಇನ್ನೊಂದಕ್ಕೆ ಬದಲಾಗುವ ಸ್ವಾತಂತ್ರ್ಯ. ಹೆಚ್ಚಿನ ನಕಲುಗಳು ಕೆಟ್ಟು ಅಳಿಯುತ್ತವೆ. ಉಪಯೋಗಕ್ಕೆ ಬಂದವು ಉಳಿಯುತ್ತವೆ: ಒಂದು ಬಿಸಿಲಿಗೆ, ಇನ್ನೊಂದು ಉಪ್ಪಿನ ಏರುಪೇರಿಗೆ. ಕಾಲಿಲ್ಲದ ಪ್ರಾಣಿಗೆ ಇದಕ್ಕಿಂತ ಒಳ್ಳೆಯ ಆಸ್ತಿ ನನಗೆ ಕಾಣದು. ಕುಮಟಾ ಬಳಿಯ ಅಘನಾಶಿನಿ ಅಳಿವೆಯ ಬಳಚು, ಸಿಂಪಿಗಳೂ ಪ್ರತಿ ಮಳೆಗಾಲ ಹೊಳೆ ಉಕ್ಕಿ ನೀರು ಸಪ್ಪೆಯಾದಾಗ ಇಂಥದೇ ಪರೀಕ್ಷೆ ಎದುರಿಸುತ್ತವೆ.

ಆದರೆ ಈ ರಕ್ಷಣೆ ಪುಕ್ಕಟೆಯಲ್ಲ. ಪ್ರೋಟೀನ್ ತಯಾರಿಸಲು ಶಕ್ತಿ ಬೇಕು, ಚಿಪ್ಪು ಮುಚ್ಚಿದ ಪ್ರಾಣಿಗೆ ಊಟವಿಲ್ಲ. ಕೆಲವು ತಾಸಿನಲ್ಲಿ ಉಬ್ಬರ ಮರಳಿ ಬಂದು ತಂಪು ಮಾಡುತ್ತದೆಂಬ ಲೆಕ್ಕದ ಮೇಲೆ ನಿಂತ ವ್ಯವಸ್ಥೆ ಇದು. 2021ರ ಜೂನ್ ಕೊನೆಗೆ ಕೆನಡಾದ ಬ್ರಿಟಿಷ್ ಕೊಲಂಬಿಯಾ ತೀರದಲ್ಲಿ ಆ ಲೆಕ್ಕ ತಪ್ಪಿತು. ಕಂಡರಿಯದ ಬಿಸಿಗಾಳಿ, ಹಗಲಿನಲ್ಲೇ ದೊಡ್ಡ ಇಳಿತ. ಬಂಡೆಗಳು 50 ಡಿಗ್ರಿ ದಾಟಿ ಕಾದವು. ನಮ್ಮ ಪಚ್ಚಿಲೆಯ ಬಳಗದ ಮಸಲ್‌ಗಳು ಬಾಯಿಬಿಟ್ಟು ರಾಶಿಬಿದ್ದವು. ನೂರು ಕೋಟಿಗೂ ಹೆಚ್ಚು ಕಡಲಜೀವಿಗಳು ಸತ್ತಿರಬೇಕೆಂದು ಜೀವಶಾಸ್ತ್ರಜ್ಞ ಕ್ರಿಸ್ ಹಾರ್ಲಿ ಅಂದಾಜಿಸಿದರು.